ಅಡಿಕೆ ಮನೆಗೆ ಕ್ಯಾಮೆರಾ, ಅಲಾರಂ: ನಕ್ಷೆ ಹಾಕುವುದರಿಂದ ಟೆಸ್ಟ್ ಮಾಡುವವರೆಗೆ

ಅಂಗಡಿಗೆ ಹೋಗಿ "ನಾಲ್ಕು ಕ್ಯಾಮೆರಾ ಸೆಟ್ ಎಷ್ಟು?" ಅಂತ ಕೇಳುವುದರಿಂದ ಶುರು ಮಾಡಬೇಡಿ. ಬಹಳ ಮನೆಗಳಲ್ಲಿ ಕ್ಯಾಮೆರಾ ಬಂದಿರುವುದೇ ಹಾಗೆ. ಮನೆಯ ನಾಲ್ಕು ಮೂಲೆಗೆ ನಾಲ್ಕು ಹೊಡೆದು, ಮೊಬೈಲಿಗೆ ಆ್ಯಪ್ ಹಾಕಿಕೊಟ್ಟು ಹೋಗಿರುತ್ತಾರೆ. ಕಳ್ಳತನ ಆದ ಮೇಲೆ ತೆಗೆದು ನೋಡಿದರೆ ಮುಖಕ್ಕೆ ಟವೆಲ್ ಸುತ್ತಿಕೊಂಡ ಬೆಳ್ಳನೆ ಆಕೃತಿಯೊಂದು ಅಂಗಳ ದಾಟಿ ಹೋಗುವುದು ಕಾಣುತ್ತದೆ. ಕೆಲವು ಕಡೆ ಅದೂ ಇರುವುದಿಲ್ಲ, ಯಾಕೆಂದರೆ ಅವತ್ತು ಕರೆಂಟೇ ಇರಲಿಲ್ಲ.

ಇದನ್ನು ನಾನು ಬರೆಯುತ್ತಿರುವುದು ಸಾಗರ, ತೀರ್ಥಹಳ್ಳಿ, ಶಿರಸಿ ಕಡೆಯ ಅಡಿಕೆ ಮನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ಅಡಿಕೆ ರೇಟ್ ಬರುವವರೆಗೆ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಲ್ಲಿ. ಪಕ್ಕದ ಮನೆ ಅಂದರೂ ಒಂದು ತೋಟ ದಾಟಬೇಕು. ನಿಮ್ಮದು ಪೇಟೆಯ ಅಂಗಡಿಯೋ ಅಕ್ಕಿ ಗಿರಣಿಯೋ ಆಗಿದ್ದರೂ ಮುಕ್ಕಾಲುಪಾಲು ಇದೇ ಲೆಕ್ಕ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ನೋಡುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. ಎಬ್ಬಿಸುವುದು ಅಲಾರಂ. ಆ ಸುದ್ದಿಯನ್ನು ಮನೆಯಿಂದಾಚೆ ಮುಟ್ಟಿಸುವುದು ಕಮ್ಯುನಿಕೇಟರ್ ಅನ್ನುವ ಸಣ್ಣ ಪೆಟ್ಟಿಗೆ. ದುಡ್ಡು ಸಾಲದೆ ಹೋದರೆ ಎರಡು ಕ್ಯಾಮೆರಾ ಕಮ್ಮಿ ಮಾಡಿ. ಕಮ್ಯುನಿಕೇಟರ್ ಮತ್ತು ಬ್ಯಾಟರಿ ಮಾತ್ರ ಬಿಡಬೇಡಿ.

ನಕ್ಷೆ

ರಾತ್ರಿ ಊಟ ಆದಮೇಲೆ ಟಾರ್ಚ್ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಗಾಡಿ ಎಲ್ಲಿಯವರೆಗೆ ಬರಬಹುದು? ಅಡಿಕೆ ಮೂಟೆ ಹೊತ್ತುಕೊಂಡು ತೋಟದೊಳಗೆ ದೂರ ಹೋಗಲು ಆಗುವುದಿಲ್ಲ, ಹಾಗಾಗಿ ಗಾಡಿ ನಿಲ್ಲಿಸುವ ಜಾಗವೇ ಮುಖ್ಯ. ಉಗ್ರಾಣದ ಬಾಗಿಲು, ಜಗಲಿ, ಹಿತ್ತಿಲ ಬಾಗಿಲು, ಕೊಟ್ಟಿಗೆಯ ಕಡೆಯಿಂದ ಅಟ್ಟ ಹತ್ತುವ ದಾರಿ, ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಅಂತರವನ್ನು ಟೇಪ್ ಹಿಡಿದೇ ಅಳೆಯಿರಿ, ಅಂದಾಜು ಬೇಡ.

ಅಳೆಯುವುದು ಯಾಕೆ ಅಂದರೆ, ಮುಖ ಗುರುತು ಹಿಡಿಯಲು ಎಷ್ಟು ವಿವರ ಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಇಎನ್ 62676-4 ಅನ್ನುವ ಮಾನದಂಡದ ಪ್ರಕಾರ ಗೊತ್ತಿಲ್ಲದವನ ಮುಖ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಗೊತ್ತಿರುವವನೇ ಆದರೆ 125 ಸಾಕು. ಯಾರೋ ಇದ್ದಾರೆ ಅಂತ ತಿಳಿಯುವುದಕ್ಕಷ್ಟೇ ಆದರೆ 25. ಈಗ ಅಂಗಡಿಯವರು ಸಾಮಾನ್ಯವಾಗಿ ಕೊಡುವ 2 ಮೆಗಾಪಿಕ್ಸೆಲ್, 2.8 ಎಂಎಂ ಲೆನ್ಸಿನ ಕ್ಯಾಮೆರಾ ತೆಗೆದುಕೊಳ್ಳಿ. ಅದರ ಚಿತ್ರದ ಅಗಲ 1920 ಪಿಕ್ಸೆಲ್, ನೋಟ ಸುಮಾರು 105 ಡಿಗ್ರಿ. 3 ಮೀಟರ್ ದೂರದಲ್ಲಿ ಅದು ಹೆಚ್ಚುಕಮ್ಮಿ 8 ಮೀಟರ್ ಅಗಲ ನೋಡುತ್ತದೆ. ಅಂದರೆ ಮೀಟರಿಗೆ 245ರ ಹತ್ತಿರ. ಅಷ್ಟೇ, 3 ಮೀಟರ್! ಅದರಾಚೆ ನಿಂತವನನ್ನು ಪರಿಚಯ ಇದ್ದವರು ಮಾತ್ರ ಗುರುತು ಹಿಡಿಯಬಹುದು, 6 ಮೀಟರ್ ಆಚೆಗೆ ಅದೂ ಇಲ್ಲ. ಅದೇ 2 ಮೆಗಾಪಿಕ್ಸೆಲ್ಲಿಗೆ 6 ಎಂಎಂ ಲೆನ್ಸ್ ಹಾಕಿದರೆ ನೋಟ 55 ಡಿಗ್ರಿಗೆ ಇಳಿಯುತ್ತದೆ, 7 ಮೀಟರ್ ದೂರದಲ್ಲೂ ಮುಖ ಸಿಗುತ್ತದೆ. ಮೆಗಾಪಿಕ್ಸೆಲ್ ಜಾಸ್ತಿ ಮಾಡುವುದಕ್ಕಿಂತ ಲೆನ್ಸ್ ಸರಿಯಾಗಿ ಆರಿಸುವುದರಲ್ಲೇ ಲಾಭ ಇದೆ.

ಹಾಗಾಗಿ ಎರಡು ಬಗೆ ಮಾಡಿಕೊಳ್ಳಿ. ಅಂಗಳ, ರಸ್ತೆ ನೋಡಲು ಅಗಲ ನೋಟದ್ದು ಒಂದೆರಡು. ಉಗ್ರಾಣದ ಬಾಗಿಲಿಗೆ ಮತ್ತು ಗಾಡಿ ನಿಲ್ಲುವ ಜಾಗಕ್ಕೆ 4 ಅಥವಾ 6 ಎಂಎಂ ಲೆನ್ಸಿನದು, ಎರಡೂವರೆ ಮೀಟರ್ ಆಸುಪಾಸಿನ ಎತ್ತರದಲ್ಲಿ. ಸೂರಿನ ತುದಿಯಲ್ಲಿ ತುಂಬ ಮೇಲೆ ಹಾಕಿದರೆ ಎಲ್ಲರ ಟೋಪಿ ಮಾತ್ರ ರೆಕಾರ್ಡ್ ಆಗುತ್ತದೆ.

ಏನು ಕೊಳ್ಳಬೇಕು

ಹೊಸದಾಗಿ ಹಾಕಿಸುವುದಾದರೆ ಎನ್‌ವಿಆರ್ (ರೆಕಾರ್ಡ್ ಮಾಡಿಡುವ ಪೆಟ್ಟಿಗೆ) ಮತ್ತು ನೆಟ್‌ವರ್ಕ್ ಮೇಲೆ ನಡೆಯುವ ಐಪಿ ಕ್ಯಾಮೆರಾ. ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ ಹೋಗುತ್ತದೆ, ಇದಕ್ಕೆ ಪಿಒಇ ಅನ್ನುತ್ತಾರೆ. ಹಳೆಯ ಕೊಆಕ್ಸಿಯಲ್ ಕೇಬಲ್ ಈಗಾಗಲೇ ಗೋಡೆಯೊಳಗೆ ಇದ್ದರೆ ಅದಕ್ಕೆ ಹೊಂದುವ ರೆಕಾರ್ಡರ್ ಪೆಟ್ಟಿಗೆ ಡಿವಿಆರ್‌ನಲ್ಲೇ ಮುಂದುವರಿಯಿರಿ, ಸುಮ್ನೆ ಗೋಡೆ ಒಡೆಸುವುದು ಬೇಡ. ವೈಫೈ ಕ್ಯಾಮೆರಾ ಮನೆಯೊಳಗಿನ ಹಾಲಿಗೆ ಪರವಾಗಿಲ್ಲ. ಉಗ್ರಾಣಕ್ಕೆ ಬೇಡವೇ ಬೇಡ. ವೈಫೈ ಸಿಗ್ನಲ್ ಅಡ್ಡಗಟ್ಟುವುದು ಈಗ ಕಷ್ಟದ ಕೆಲಸ ಅಲ್ಲ.

ಇನ್ನೊಂದು ವಿಷಯ ನೋಡಿಕೊಳ್ಳಿ. ಭಾರತದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್ 9ರಿಂದ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯ ಆಗಿದೆ. ಕೇಂದ್ರದ ಐಟಿ ಸಚಿವಾಲಯದ ನಿಯಮ ಅದು, ಎಸ್‌ಟಿಕ್ಯೂಸಿ ಅನ್ನುವುದು ಆ ಸಚಿವಾಲಯದ ಪರೀಕ್ಷಾ ಸಂಸ್ಥೆ. ಅಂಗಡಿಯಲ್ಲಿ "ಎಸ್‌ಟಿಕ್ಯೂಸಿ ಆಗಿರುವ ಮಾಡೆಲ್ ಕೊಡಿ" ಅಂತ ಕೇಳಿ. "ಅದೇ ಕಂಪನಿ ಸಾರ್, ಹಳೇ ಸ್ಟಾಕು, ಕಮ್ಮಿಗೆ ಹಾಕ್ಕೊಡ್ತೀನಿ" ಅಂದರೆ ಬೇಡ ಅನ್ನಿ.

ಹಾರ್ಡ್ ಡಿಸ್ಕಿನ ಲೆಕ್ಕ ಸುಲಭ. ಸೆಕೆಂಡಿಗೆ 1 ಮೆಗಾಬಿಟ್ ಸತತವಾಗಿ ರೆಕಾರ್ಡ್ ಆದರೆ ದಿನಕ್ಕೆ 10.8 ಜಿಬಿ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್.265 ಅನ್ನುವ ವಿಡಿಯೊ ಕುಗ್ಗಿಸುವ ವಿಧಾನದಲ್ಲಿ, ಸೆಕೆಂಡಿಗೆ 15 ಫ್ರೇಮಿನಂತೆ ಇಟ್ಟರೆ 2 ಮೆಗಾಬಿಟ್ ಸಾಕು. ನಾಲ್ಕು ಕ್ಯಾಮೆರಾಕ್ಕೆ ದಿನಕ್ಕೆ ಸುಮಾರು 86 ಜಿಬಿ, 30 ದಿನಕ್ಕೆ 2.6 ಟಿಬಿ. 4 ಟಿಬಿ ಡಿಸ್ಕ್ ಹಾಕಿದರೆ ಆರಾಮ. ಮನೆಗೆ ಇಷ್ಟು ದಿನ ಇಡಬೇಕು ಅನ್ನುವ ಕಟ್ಟಳೆ ಏನಿಲ್ಲ. ಆದರೆ ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಬರುವ ಜಾಗ ನಿಮ್ಮದಾಗಿದ್ದರೆ, ಕಲ್ಯಾಣ ಮಂಟಪ ಅಂದುಕೊಳ್ಳಿ, ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಡಿ ಕ್ಯಾಮೆರಾ ಕಡ್ಡಾಯ, 30 ದಿನದ ರೆಕಾರ್ಡಿಂಗೂ ಕಡ್ಡಾಯ. ಡಿಸ್ಕ್ ಮಾತ್ರ ಕಂಪ್ಯೂಟರಿನದು ಬೇಡ. ದಿನದ 24 ಗಂಟೆಯೂ ಬರೆಯಲೆಂದೇ ಮಾಡಿದ ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ್ದು ಹಾಕಿಸಿ.

ಕೇಬಲ್ ಮತ್ತು ಸಿಡಿಲು

ಮಲೆನಾಡಿನಲ್ಲಿ ಕ್ಯಾಮೆರಾ ಹಾಳಾಗುವುದು ಕಳ್ಳರಿಂದ ಅಲ್ಲ, ಏಪ್ರಿಲ್ ಮೇ ತಿಂಗಳ ಗುಡುಗಿನಿಂದ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕ್ಯಾಟ್6 ಕೇಬಲ್ ತೆಗೆದುಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಬರುತ್ತದೆ, ಬಾಕ್ಸಿನ ಮೇಲೆ ಸಿಸಿಎ ಅಂತ ಸಣ್ಣಕ್ಕೆ ಬರೆದಿರುತ್ತದೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅದರಲ್ಲಿ ದೂರದ ಕ್ಯಾಮೆರಾಕ್ಕೆ ಕರೆಂಟ್ ಸಾಲದೆ, ರಾತ್ರಿ ಐಆರ್ ದೀಪ (ಕಣ್ಣಿಗೆ ಕಾಣದ, ಕ್ಯಾಮೆರಾಕ್ಕೆ ಮಾತ್ರ ಕಾಣುವ ಬೆಳಕು) ಹತ್ತಿದ ಕೂಡಲೇ ಕ್ಯಾಮೆರಾ ಆಫ್ ಆಗಿ ಆನ್ ಆಗುತ್ತಾ ಇರುತ್ತದೆ. ಹಗಲು ಸರಿ ಇದ್ದು ಕತ್ತಲಾದ ಮೇಲೆ ಮಾತ್ರ ಹೀಗಾಗುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆಯೇ ಇರಲಿ. ಉದ್ದ 100 ಮೀಟರ್ ದಾಟಬಾರದು.

ಮನೆಯಿಂದ ಬೇರೆಯಾಗಿರುವ ಉಗ್ರಾಣಕ್ಕೋ ಕೊಟ್ಟಿಗೆಗೋ ತಾಮ್ರದ ಕೇಬಲ್ ಎಳೆಯಬೇಡಿ. ಹತ್ತಿರದಲ್ಲಿ ಎಲ್ಲೋ ಸಿಡಿಲು ಬಿದ್ದರೂ ಎರಡು ಕಟ್ಟಡಗಳ ನಡುವಿನ ತಂತಿಯಲ್ಲಿ ಹೊಡೆತ ಹರಿದು ಬರುತ್ತದೆ, ಎರಡೂ ತುದಿಯ ಪೆಟ್ಟಿಗೆಗಳು ಒಟ್ಟಿಗೆ ಹೋಗುತ್ತವೆ. ಅಲ್ಲಿಗೆ ಫೈಬರ್ ಎಳೆಸಿ. ಮನೆಗೆ ಇಂಟರ್ನೆಟ್ ಎಳೆಯಲು ಬಳಸುವ ಕಪ್ಪು ಡ್ರಾಪ್ ಕೇಬಲ್ಲೇ ಸಾಕು. ನಿಮ್ಮ ಊರಿಗೆ ಫೈಬರ್ ಜೋಡಿಸಲು ಬರುವ ಹುಡುಗನಿಗೆ ಹೇಳಿದರೆ ಎರಡೂ ತುದಿ ಮಾಡಿಕೊಡುತ್ತಾನೆ, ಎರಡು ಕಡೆ ಫೈಬರನ್ನು ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕಾಗುತ್ತದೆ ಅಷ್ಟೇ. ಆ ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಒಂದು ಉಕ್ಕಿನ ತಂತಿ ಇರುತ್ತದೆ, ನೇತುಹಾಕಲು ಇರುವುದು ಅದು. ಅದನ್ನು ಗೋಡೆಯ ಹೊರಗೇ ಕೊಕ್ಕೆಗೆ ಕಟ್ಟಿ ಕತ್ತರಿಸಬೇಕು, ಪೆಟ್ಟಿಗೆಯವರೆಗೂ ಒಳಗೆ ತಂದರೆ ಫೈಬರ್ ಹಾಕಿದ್ದೇ ದಂಡ. ಕೇಬಲ್ಲನ್ನು ಅಡಿಕೆ ಮರಕ್ಕೆ ಕಟ್ಟುವ ಚಟ ಎಲ್ಲರಿಗೂ ಇದೆ. ಗಾಳಿಗೆ ಮರ ತೂಗುತ್ತದೆ, ಕೇಬಲ್ ಎಳೆದು ಎಳೆದು ಹರಿಯುತ್ತದೆ. ಎರಡು ಕಂಬ ನೆಡಿ, ಇಲ್ಲವೇ ಪೈಪಿನೊಳಗೆ ಹಾಕಿ ಹೂಳಿ.

ಮೇನ್ ಬೋರ್ಡಿನಲ್ಲಿ, ಲೈನಿನಲ್ಲಿ ಬರುವ ಹೊಡೆತ ತಡೆಯುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಉಗ್ರಾಣಕ್ಕೆ ಮನೆಯಿಂದಲೇ ಕರೆಂಟ್ ಹೋಗಿದ್ದರೆ ಅಲ್ಲೂ ಒಂದು. "ಕ್ಯಾಮೆರಾಕ್ಕೆ ಬೇರೆ ಅರ್ಥಿಂಗ್ ಮಾಡೋಣ" ಅಂತ ಕೆಲವರು ಹೇಳುತ್ತಾರೆ. ಒಂದೇ ಕಟ್ಟಡದಲ್ಲಿ ಸಂಬಂಧವೇ ಇಲ್ಲದ ಎರಡು ಅರ್ಥ್ ಇದ್ದರೆ ಸಿಡಿಲಿನ ಹೊತ್ತಲ್ಲಿ ಒಂದರಿಂದ ಇನ್ನೊಂದಕ್ಕೆ ನಿಮ್ಮ ಎನ್‌ವಿಆರ್ ಮೂಲಕವೇ ಕರೆಂಟ್ ಹರಿಯುತ್ತದೆ. ಹೊಸ ಅರ್ಥ್ ಗುಂಡಿ ತೋಡಿದರೂ ಅದನ್ನು ಹಳೆಯದಕ್ಕೆ ದಪ್ಪ ತಾಮ್ರದ ತಂತಿಯಲ್ಲಿ ಜೋಡಿಸಲೇಬೇಕು.

ಉಳಿದದ್ದು ಇಲಿ, ಮಂಗ, ಮಳೆ. ಇಲಿಗೆ ಪೈಪ್. ಮಂಗಗಳ ಕಾಟ ಇರುವ ಕಡೆ ಉದ್ದ ಕೋಲಿನಂಥ ಬುಲೆಟ್ ಕ್ಯಾಮೆರಾ ಬೇಡ, ಹಿಡಿದು ತಿರುಗಿಸಿಬಿಡುತ್ತವೆ. ಸೂರಿಗೆ ಅಂಟಿ ಕೂರುವ ಡೋಮ್ ಅಥವಾ ಟರೆಟ್ ಹಾಕಿ. ಮಳೆಗೆ ಒಂದು ಸಣ್ಣ ಉಪಾಯ: ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮುಂಚೆ ಸ್ವಲ್ಪ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಲಿ. ಹರಿದು ಬಂದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ.

ಕರೆಂಟ್

ಮಳೆಗಾಲದಲ್ಲಿ ಮೆಸ್ಕಾಂ ಲೈನ್ ಮೇಲೆ ಮರ ಬಿದ್ದರೆ ಒಂದು ರಾತ್ರಿಯಲ್ಲಿ ಮುಗಿಯುವ ಮಾತಲ್ಲ ಅಲ್ವಾ. ನಾಲ್ಕು ಕ್ಯಾಮೆರಾ 20 ವ್ಯಾಟ್, ಎನ್‌ವಿಆರ್ 15, ಇಂಟರ್ನೆಟ್ ಪೆಟ್ಟಿಗೆ 10, ಒಟ್ಟು 45 ವ್ಯಾಟ್ ಅಂದುಕೊಳ್ಳಿ. ಮನೆಯ ಯುಪಿಎಸ್‌ನ 150 ಎಎಚ್ ಬ್ಯಾಟರಿಯಲ್ಲಿ ಕೈಗೆ ಸಿಗುವುದು ಸುಮಾರು 1000 ವ್ಯಾಟ್ ಅವರ್. ಅದು 22 ಗಂಟೆ, ಅದೂ ಫ್ಯಾನು ಟಿವಿ ಹಾಕದಿದ್ದರೆ. ಆಮೇಲೆ ಕ್ಯಾಮೆರಾ ಕುರುಡು.

ಅಲಾರಂ ಪ್ಯಾನೆಲ್, ಅಂದರೆ ಸೆನ್ಸರ್ ಸೈರನ್ ಎಲ್ಲ ಬಂದು ಸೇರುವ ಪೆಟ್ಟಿಗೆ, ಮಾತ್ರ ಇದರಿಂದ ಹೊರಗಿರಲಿ. ಅದರ ಪೆಟ್ಟಿಗೆಯೊಳಗೇ 12 ವೋಲ್ಟ್ 7 ಎಎಚ್ ಬ್ಯಾಟರಿ ಕೂರುತ್ತದೆ. ಪ್ಯಾನೆಲ್, ಸೆನ್ಸರ್, ಕಮ್ಯುನಿಕೇಟರ್ ಎಲ್ಲ ಸೇರಿ 150 ಮಿಲಿಆಂಪ್ ಎಳೆದರೆ ಒಂದೂವರೆ ದಿನ ಬರುತ್ತದೆ. ಮನೆಯ ಬ್ಯಾಟರಿ ಸತ್ತು ಫೈಬರ್ ಪೆಟ್ಟಿಗೆ ಆರಿದ ಮೇಲೂ ಇದು ಸಿಮ್ ಮೂಲಕ ಸುದ್ದಿ ಕಳಿಸುತ್ತಲೇ ಇರುತ್ತದೆ. ಈ ಬ್ಯಾಟರಿಯನ್ನು ಮೂರು ವರ್ಷಕ್ಕೊಮ್ಮೆ ಬದಲಾಯಿಸಿ, ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದಿಡಿ.

ಕ್ಯಾಮೆರಾ ಸೆಟ್ಟಿಂಗ್

ಗೋಡೆಗೆ ಹತ್ತಿಸುವ ಮುಂಚೆ ಎಲ್ಲ ಕ್ಯಾಮೆರಾಗಳನ್ನೂ ಮೇಜಿನ ಮೇಲೆ ಇಟ್ಟು ಜೋಡಿಸಿ ನೋಡಿ. ಏಣಿ ಮೇಲೆ ನಿಂತು ಪಾಸ್‌ವರ್ಡ್ ಟೈಪ್ ಮಾಡುವ ಕಷ್ಟ ಯಾಕೆ?

ಮೊದಲು ಪ್ರತಿಯೊಂದಕ್ಕೂ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ನಂತರ ವಿಳಾಸ. ರೌಟರ್ 192.168.1.1 ಆದರೆ ಎನ್‌ವಿಆರ್‌ಗೆ 192.168.1.10, ಕ್ಯಾಮೆರಾಗಳಿಗೆ 11ರಿಂದ ಸಾಲಾಗಿ, ಅಲಾರಂ ಕಮ್ಯುನಿಕೇಟರ್‌ಗೆ 20. ರೌಟರ್ ತಾನಾಗಿ ಹಂಚುವ ವಿಳಾಸಗಳನ್ನು 100ರ ಮೇಲಿಡಿ, ಆಗ ಯಾರದೋ ಮೊಬೈಲ್ ಬಂದು ಕ್ಯಾಮೆರಾದ ಜಾಗ ಹಿಡಿಯುವುದಿಲ್ಲ. ಎನ್‌ವಿಆರ್‌ನ ಹಿಂದೆಯೇ ಪಿಒಇ ಪೋರ್ಟ್ ಇದ್ದರೆ ಕ್ಯಾಮೆರಾಗಳ ವಿಳಾಸವನ್ನು ಅದೇ ನೋಡಿಕೊಳ್ಳುತ್ತದೆ, ನೀವು ಕೈಹಾಕುವುದು ಬೇಡ.

ವಿಡಿಯೊ ಸೆಟ್ಟಿಂಗಿನಲ್ಲಿ ಆವರ್ತನ 50 ಹರ್ಟ್ಜ್ ಇರಬೇಕು, ಕೆಲವು ಪೆಟ್ಟಿಗೆಯಿಂದ ಬರುವಾಗಲೇ 60 ಇರುತ್ತದೆ. ಹಾಗೇ ಬಿಟ್ಟರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡುತ್ತವೆ. ರಾತ್ರಿ ಷಟರ್ ವೇಗ 1/50ಕ್ಕಿಂತ ನಿಧಾನ ಆಗದಂತೆ ಕಟ್ಟಿ ಹಾಕಿ. ತಾನಾಗಿಯೇ ಆರಿಸಲು ಬಿಟ್ಟರೆ ಕತ್ತಲಲ್ಲಿ ಅದು ನಿಧಾನ ಮಾಡಿಕೊಳ್ಳುತ್ತದೆ, ಚಿತ್ರ ಬೆಳ್ಳಗೆ ಚೆಂದ ಕಾಣುತ್ತದೆ, ನಡೆಯುವವನ ಮುಖ ಮಾತ್ರ ಕಲಸಿಹೋಗಿರುತ್ತದೆ. ಜಗಲಿಯಿಂದ ಬಿಸಿಲಿನ ಅಂಗಳಕ್ಕೆ ನೋಡುವ ಕ್ಯಾಮೆರಾದಲ್ಲಿ, ಬಿಸಿಲು ನೆರಳು ಎರಡನ್ನೂ ಸರಿದೂಗಿಸುವ ಡಬ್ಲ್ಯೂಡಿಆರ್ ಆನ್ ಮಾಡಿ. ಮೊಬೈಲಿಗೆ ಹೋಗುವ ಎರಡನೇ ಸ್ಟ್ರೀಮನ್ನು 512 ಕಿಲೋಬಿಟ್‌ಗೆ ಇಳಿಸಿ, ಹಳ್ಳಿಯ ಇಂಟರ್ನೆಟ್ಟಿಗೆ ಅಷ್ಟು ಸಾಕು.

ಕ್ಯಾಮೆರಾ ಹತ್ತಿಸಿದ ಮೇಲೆ ಕತ್ತಲಲ್ಲಿ ಒಂದು ಸಲ ನೋಡಲೇಬೇಕು. ಸುಣ್ಣ ಬಳಿದ ಗೋಡೆಯೋ ಸೂರಿನ ಹಲಗೆಯೋ ಮೂಲೆಯಲ್ಲಿ ಇಣುಕುತ್ತಿದ್ದರೆ ಐಆರ್ ಬೆಳಕು ಅದಕ್ಕೆ ಬಡಿದು ಉಳಿದ ಚಿತ್ರ ಕಪ್ಪಾಗುತ್ತದೆ. ಎರಡು ಬೆರಳು ಅಗಲ ತಿರುಗಿಸಿದರೆ ಸರಿಹೋಗುತ್ತದೆ. ರಾತ್ರಿ ಕ್ಯಾಮೆರಾದ ಸುತ್ತ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಬಲೆ ಅಲ್ಲಾಡಿದಾಗೆಲ್ಲ ಮೊಬೈಲಿಗೆ "ಚಲನೆ ಕಂಡಿದೆ" ಅಂತ ಸಂದೇಶ. ಎರಡೇ ದಿನದಲ್ಲಿ ಎಲ್ಲರೂ ನೋಟಿಫಿಕೇಶನ್ ಆಫ್ ಮಾಡಿಕೊಳ್ಳುತ್ತಾರೆ. ಹಾಗಾಗಿ ಬರೀ ಚಲನೆಯ ಸೂಚನೆ ಬಿಟ್ಟು, ಮನುಷ್ಯರನ್ನೂ ವಾಹನವನ್ನೂ ಗುರುತಿಸುವ ಸೌಲಭ್ಯ ಇರುವ ಮಾಡೆಲ್ ತೆಗೆದುಕೊಳ್ಳಿ, ಉಗ್ರಾಣದ ಮುಂದೆ ಒಂದು ಗೆರೆ ಎಳೆದು ಅದನ್ನು ದಾಟಿದರೆ ಮಾತ್ರ ಸುದ್ದಿ ಬರುವಂತೆ ಮಾಡಿ. ತಿಂಗಳಿಗೊಮ್ಮೆ ಪೊರಕೆ ಆಡಿಸುವುದು ತಪ್ಪುವುದಿಲ್ಲ.

ಎನ್‌ವಿಆರ್ ಟಿವಿ ಪಕ್ಕದಲ್ಲಿ ಬೇಡ. ಬಂದವರು ಮೊದಲು ಕಿತ್ತುಕೊಂಡು ಹೋಗುವುದು ಅದನ್ನೇ. ಗಾಳಿ ಆಡುವ, ಬೀಗ ಹಾಕುವ ಕಪಾಟಿನಲ್ಲಿಡಿ. ಉಗ್ರಾಣದ ಕ್ಯಾಮೆರಾದೊಳಗೆ ಒಂದು ಮೆಮೊರಿ ಕಾರ್ಡೂ ಇರಲಿ.

ಅಲಾರಂ ಪ್ಯಾನೆಲ್

ಉಗ್ರಾಣದ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್, ಒಳಗೆ ಒಂದು ಪಿಐಆರ್ (ಓಡಾಟ ಹಿಡಿಯುವ ಸೆನ್ಸರ್), ಮಲಗುವ ಕೋಣೆಯಲ್ಲಿ ಒಂದು ಪ್ಯಾನಿಕ್ ಬಟನ್, ಒಳಗೊಂದು ಹೊರಗೊಂದು ಸೈರನ್. ಇಷ್ಟರಿಂದ ಶುರು ಮಾಡಿ.

ಪಿಐಆರ್ ಬಿಸಿ ಮೈ ಅಡ್ಡ ಹಾಯುವುದನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ಎದುರಿಗೆ ಬಂದರೆ ತಡವಾಗಿ. ಆದ್ದರಿಂದ ಬಾಗಿಲಿಗೆ ಮುಖಮಾಡಿ ಹಾಕಬೇಡಿ, ಪಕ್ಕದ ಗೋಡೆಯ ಮೂಲೆಯಲ್ಲಿ, 2.1ರಿಂದ 2.4 ಮೀಟರ್ ಎತ್ತರದಲ್ಲಿ ಹಾಕಿ. ಬಿಸಿಲು ಬೀಳುವ ಕಿಟಕಿ ಅದರ ಕಣ್ಣಿಗೆ ಬೀಳಬಾರದು. ಹಂಚಿನ ಮನೆಯಲ್ಲಿ ಬಾವಲಿ, ಬೆಕ್ಕು ಓಡಾಡುವುದು ಮಾಮೂಲು. ಪಿಐಆರ್ ಜೊತೆ ಮೈಕ್ರೋವೇವ್ ಕೂಡ ಇರುವ ಸೆನ್ಸರ್ ಸ್ವಲ್ಪ ದುಬಾರಿ, ಆದರೆ ಎರಡೂ ಒಪ್ಪಿದರೆ ಮಾತ್ರ ಕೂಗುತ್ತದೆ. ಹಲ್ಲಿ ಒಳಗೆ ಸೇರದಂತೆ ಕೇಬಲ್ಲಿನ ತೂತನ್ನು ಸಿಲಿಕಾನಿನಿಂದ ಮುಚ್ಚಿ.

ವೈರ್ ಸೆನ್ಸರ್ ಆದರೆ ಒಂದು ಕೆಲಸವನ್ನು ಎದುರಿಗೆ ನಿಂತು ಮಾಡಿಸಿ. ಪ್ರತಿ ಲೈನಿನ ಕೊನೆಗೆ ಒಂದು ರೆಸಿಸ್ಟರ್ ಬರುತ್ತದೆ, ಕಂಪನಿಗೆ ತಕ್ಕಂತೆ 2.2 ಕಿಲೋ ಓಮ್, 5.6 ಕಿಲೋ ಓಮ್ ಹೀಗೆ. ಪ್ಯಾನೆಲ್ ಸದಾ ಆ ಲೈನಿನ ರೆಸಿಸ್ಟೆನ್ಸ್ ಅಳೆಯುತ್ತಾ ಇರುತ್ತದೆ. 5.6 ಕಂಡರೆ ಬಾಗಿಲು ಮುಚ್ಚಿದೆ. ಏನೂ ಕಾಣದಿದ್ದರೆ ಬಾಗಿಲು ತೆರೆದಿದೆ ಅಥವಾ ವೈರ್ ಕತ್ತರಿಸಿದ್ದಾರೆ. ಸೊನ್ನೆ ಕಂಡರೆ ಯಾರೋ ಎರಡು ತಂತಿಯನ್ನು ಒಟ್ಟಿಗೆ ಹೊಸೆದಿದ್ದಾರೆ. ಇದೆಲ್ಲ ನಡೆಯಬೇಕಾದರೆ ಆ ರೆಸಿಸ್ಟರ್ ಸೆನ್ಸರಿನೊಳಗೆ, ಅಂದರೆ ಲೈನಿನ ಆ ತುದಿಯಲ್ಲಿ ಇರಬೇಕು. ಹತ್ತುವುದು ಯಾಕೆ ಅಂತ ಸೋಮಾರಿತನಕ್ಕೆ ಎಲ್ಲ ರೆಸಿಸ್ಟರುಗಳನ್ನೂ ಪ್ಯಾನೆಲ್ ಪೆಟ್ಟಿಗೆಯೊಳಗೇ ಸಿಕ್ಕಿಸಿ ಮುಗಿಸುವವರು ಬಹಳ ಇದ್ದಾರೆ. ಆಗ ಹೊರಗಡೆ ತಂತಿ ಹೊಸೆದರೂ ಪ್ಯಾನೆಲ್ಲಿಗೆ 5.6 ಕಾಣುತ್ತಲೇ ಇರುತ್ತದೆ. ಪೆಟ್ಟಿಗೆ ತೆಗೆದು ನೋಡಿ, ಬಣ್ಣದ ಪಟ್ಟಿಯ ಪುಟಾಣಿ ರೆಸಿಸ್ಟರುಗಳು ಬಳಕೆಯಲ್ಲಿರುವ ಜೋನ್‌ಗಳಿಗೆ (ಒಂದೊಂದು ಸೆನ್ಸರ್ ಲೈನಿಗೆ ಜೋನ್ ಅಂತ ಹೆಸರು) ಸಾಲಾಗಿ ಕಂಡರೆ ಬಿಚ್ಚಿ ಆ ತುದಿಗೆ ಹಾಕಿಸಿ.

ಉಗ್ರಾಣದ ಬಾಗಿಲಿಗೆ ಎಂಟ್ರಿ ಡಿಲೇ 20 ಸೆಕೆಂಡ್ ಇಡಿ. ಅಪ್ಪ ಒಳಗೆ ಹೋಗಿ ಕೀಪ್ಯಾಡ್ ಒತ್ತುವಷ್ಟು ಹೊತ್ತು. ಪ್ಯಾನಿಕ್ ಬಟನ್ 24 ಗಂಟೆಯ ಜೋನ್ ಆಗಿರಬೇಕು, ಅಲಾರಂ ಆಫ್ ಇದ್ದರೂ ಅದು ಕೆಲಸ ಮಾಡಬೇಕು.

ಕಮ್ಯುನಿಕೇಟರ್

ಹಳೆಯ ಪ್ಯಾನೆಲ್ಲುಗಳು ಲ್ಯಾಂಡ್‌ಲೈನಿನಲ್ಲಿ ನಂಬರ್ ಒತ್ತಿ, ಟೋನ್‌ಗಳ ಮೂಲಕ ಸುದ್ದಿ ಹೇಳುತ್ತಿದ್ದವು. ಆ ಭಾಷೆಗೆ ಕಾಂಟ್ಯಾಕ್ಟ್ ಐಡಿ ಅಂತ ಹೆಸರು, ಈಗಲೂ ಅದೇ ಚಾಲ್ತಿಯಲ್ಲಿದೆ. 4021 18 1130 01 003 ಅಂತ ಬಂತು ಅಂದುಕೊಳ್ಳಿ. 4021 ನಿಮ್ಮ ಮನೆಯ ಖಾತೆ. 18 ಸಂದೇಶದ ಬಗೆ. 1130ರಲ್ಲಿ ಮೊದಲ 1 ಅಂದರೆ ಹೊಸ ಘಟನೆ, 130 ಅಂದರೆ ಕಳ್ಳತನದ ಅಲಾರಂ. 01 ವಿಭಾಗ, 003 ಮೂರನೇ ಜೋನ್, ಅಂದರೆ ಉಗ್ರಾಣದ ಬಾಗಿಲು. ಮೊದಲ ಅಂಕಿ 3 ಆದರೆ ಸರಿಹೋಯಿತು ಅಂತ ಅರ್ಥ. 110 ಬೆಂಕಿ, 120 ಪ್ಯಾನಿಕ್, 301 ಕರೆಂಟ್ ಹೋಗಿದೆ, 302 ಬ್ಯಾಟರಿ ಇಳಿದಿದೆ, 602 ದಿನದ ಪರೀಕ್ಷಾ ಸಂದೇಶ. ಇಷ್ಟು ಗೊತ್ತಿದ್ದರೆ ಲಾಗ್ ಓದಲು ಸಾಕು.

ನಿಮ್ಮ ಲ್ಯಾಂಡ್‌ಲೈನ್ ಈಗ ಫೈಬರ್ ಮೇಲೆ ಬಂದಿದ್ದರೆ ಅದಕ್ಕೆ ಹಳೆಯ ಡಯಲರ್ ಜೋಡಿಸಿ ನಂಬಿ ಕೂರಬೇಡಿ. ಅಲ್ಲಿ ಧ್ವನಿ ಇಂಟರ್ನೆಟ್ ಪ್ಯಾಕೆಟ್ಟಾಗಿ ಹೋಗುತ್ತದೆ, ಮಾತಿಗೆ ತೊಂದರೆ ಇಲ್ಲ, ಆದರೆ ಈ ಟೋನ್‌ಗಳು ಅರ್ಧಂಬರ್ಧ ಮುಟ್ಟುತ್ತವೆ. ಮೇಲಿಂದ ಕರೆಂಟ್ ಹೋದರೆ ಫೋನೂ ಸತ್ತಿತು. ಎರಡು ದಾರಿ ಇರುವ ಕಮ್ಯುನಿಕೇಟರ್ ತೆಗೆದುಕೊಳ್ಳಿ: ಒಂದು ನೆಟ್‌ವರ್ಕ್ ಕೇಬಲ್, ಇನ್ನೊಂದು ಸಿಮ್. ಇದನ್ನು ಹೀಗೆ ಜೋಡಿಸಿ.

ಮೊದಲು ಸಿಮ್. 4ಜಿ ಇರುವ ಮಾಡೆಲ್ಲನ್ನೇ ಕೇಳಿ. ಅಗ್ಗದವು ಬರೀ 2ಜಿ ಇರುತ್ತವೆ, ಜಿಯೋಗೆ 2ಜಿ ಜಾಲವೇ ಇಲ್ಲದ್ದರಿಂದ ಅದರ ಸಿಮ್ ಅಲ್ಲಿ ಕೆಲಸ ಮಾಡುವುದೇ ಇಲ್ಲ. ಮನೆಯ ಫೈಬರ್ ಒಂದು ಕಂಪನಿಯದಾದರೆ ಸಿಮ್ ಇನ್ನೊಂದು ಕಂಪನಿಯದಿರಲಿ. ಆ ಸಿಮ್ಮನ್ನು ಮೊದಲು ಮೊಬೈಲಿಗೆ ಹಾಕಿ, ಪಿನ್ ಲಾಕ್ ತೆಗೆದು, ಉಗ್ರಾಣದ ಹತ್ತಿರವೇ ನಿಂತು ಕಾಲ್ ಮಾಡಿ, ಎಸ್‌ಎಂಎಸ್ ಕಳಿಸಿ ನೋಡಿ. ಆಂಟೆನಾ ಕಬ್ಬಿಣದ ಪೆಟ್ಟಿಗೆಯ ಒಳಗೆ ಬೇಡ, ಹೊರಗೆ ಎತ್ತರಕ್ಕೆ. ರೀಚಾರ್ಜ್ ಮುಗಿಯುವ ತಾರೀಖನ್ನು ಮನೆಯಲ್ಲಿ ಇಬ್ಬರ ಮೊಬೈಲಿನಲ್ಲಿ ಹಾಕಿಡಿ. ಅಲಾರಂ ಕೆಟ್ಟಿದೆ ಅಂತ ಮೆಕ್ಯಾನಿಕ್ಕನ್ನು ಕರೆಸಿದರೆ ಸಿಮ್ ವ್ಯಾಲಿಡಿಟಿ ಮುಗಿದಿರುತ್ತದೆ, ಇದೇ ಜಾಸ್ತಿ.

ಆಮೇಲೆ ಕಮ್ಯುನಿಕೇಟರಿನಲ್ಲಿ ಮೊದಲ ದಾರಿ ನೆಟ್‌ವರ್ಕ್, ಎರಡನೆಯದು 4ಜಿ ಅಂತ ಹೊಂದಿಸಿ. ಕಾವಲು ಕಂಪನಿಯ ಮಾನಿಟರಿಂಗ್ ಕೇಂದ್ರಕ್ಕೆ ಜೋಡಿಸುವುದಾದರೆ ಅವರು ಎಸ್‌ಐಎ ಡಿಸಿ-09 ಪ್ರೋಟೊಕಾಲ್ ಕೇಳುತ್ತಾರೆ. ಅದರಲ್ಲಿ ಇದೇ ಕಾಂಟ್ಯಾಕ್ಟ್ ಐಡಿ ಸಂದೇಶ ಇಂಟರ್ನೆಟ್ ಮೂಲಕ ಹೋಗುತ್ತದೆ. ಎಇಎಸ್ ಎನ್‌ಕ್ರಿಪ್ಶನ್ ಆನ್ ಮಾಡಿಸಿ, ಎರಡೂ ಕಡೆ ಒಂದೇ ಕೀ ಇರಬೇಕು, ಗಡಿಯಾರ ಸರಿ ಇರಬೇಕು. ಹಳ್ಳಿ ಮನೆಗೆ ಅಂಥ ಕೇಂದ್ರ ಸಿಗುವುದು ಕಮ್ಮಿ. ಆಗ ಆ್ಯಪ್, ಎಸ್‌ಎಂಎಸ್, ಫೋನ್ ಕರೆ ಮೂರೂ ಕಳಿಸುವ ಮಾಡೆಲ್ ಬೇಕು. ಮೂರರಲ್ಲಿ ಕರೆಯೇ ಮುಖ್ಯ. ರಾತ್ರಿ ಎರಡು ಗಂಟೆಗೆ ಆ್ಯಪ್ ನೋಟಿಫಿಕೇಶನ್ ನೋಡಿ ಯಾರು ಏಳುತ್ತಾರೆ? ಕಮ್ಯುನಿಕೇಟರಿನ ಸಿಮ್ ನಂಬರನ್ನು ಎಲ್ಲರ ಮೊಬೈಲಿನಲ್ಲಿ ಹೆಸರು ಹಾಕಿ ಸೇವ್ ಮಾಡಿ, ಡೂ ನಾಟ್ ಡಿಸ್ಟರ್ಬ್ ಇದ್ದರೂ ಆ ನಂಬರ್ ರಿಂಗ್ ಆಗುವಂತೆ ಮಾಡಿ.

ಕರೆ ಹೋಗುವ ಸಾಲಿನಲ್ಲಿ ಮೊದಲ ಹೆಸರು ಬೆಂಗಳೂರಿನ ಮಗನದಲ್ಲ. ಎರಡು ಮೂರು ನಿಮಿಷದಲ್ಲಿ ಟಾರ್ಚ್ ಹಿಡಿದು ಬರಬಲ್ಲ ಪಕ್ಕದ ಮನೆಯವರದು. ಅವರಿಗೆ ಮೊದಲೇ ಹೇಳಿ, ಒಪ್ಪಿಸಿ, ಒಬ್ಬರೇ ಒಳಗೆ ನುಗ್ಗಬೇಡಿ ಅಂತಲೂ ಹೇಳಿ. ಎರಡನೆಯವರು ಇನ್ನೊಬ್ಬ ನೆರೆಯವರು. ಮಗ ಮಗಳು ಮೂರನೆಯವರು, ಅವರ ಕೆಲಸ ಕ್ಯಾಮೆರಾ ತೆರೆದು ನೋಡಿ 112ಕ್ಕೆ ಕರೆ ಮಾಡುವುದು. ಮೆಷಿನ್ನಿನಿಂದ ನೇರವಾಗಿ 112ಕ್ಕೆ ಡಯಲ್ ಮಾಡಿಸಬೇಡಿ. ಬೆಕ್ಕು ಓಡಿದ್ದಕ್ಕೆಲ್ಲ ಪೊಲೀಸ್ ಗಾಡಿ ಬಂದರೆ ಮುಂದೊಂದು ದಿನ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಕೊನೆಗೆ, ಮೌನವನ್ನೂ ಸುದ್ದಿಯಾಗಿ ನೋಡುವ ವ್ಯವಸ್ಥೆ. ವೈರ್ ಕತ್ತರಿಸಿದರೆ, ಜಾಮರ್ ಹಾಕಿದರೆ, ಬ್ಯಾಟರಿ ಸತ್ತರೆ ಕಮ್ಯುನಿಕೇಟರ್ ಏನೂ ಹೇಳಲಾರದು. ಅದಕ್ಕೇ ಅದು ಆಗಾಗ "ಇದ್ದೇನೆ" ಅಂತ ಸರ್ವರಿಗೆ ಹೇಳುತ್ತಿರಬೇಕು, ಅದು ನಿಂತರೆ ಸರ್ವರ್ ನಿಮಗೆ ಹೇಳಬೇಕು. ಆ್ಯಪ್‌ನಲ್ಲಿ "ಡಿವೈಸ್ ಆಫ್‌ಲೈನ್" ಸೂಚನೆ ಇರುತ್ತದೆ, ಹುಡುಕಿ ಆನ್ ಮಾಡಿ. ದಿನದ 602 ಸಂದೇಶ ಬೆಳಗ್ಗೆ ಕಾಫಿ ಹೊತ್ತಿಗೆ ಬರುವಂತೆ ಇಟ್ಟುಕೊಳ್ಳಿ. ಅವತ್ತು ಬರಲಿಲ್ಲ ಅಂದರೆ ಮನೆಗೆ ಒಂದು ಫೋನ್ ಹಾಕಿ.

ಎರಡನ್ನೂ ಜೋಡಿಸುವುದು

ಪ್ಯಾನೆಲ್ಲಿನ ರಿಲೇ ಔಟ್‌ಪುಟ್ಟಿನಿಂದ ಎರಡು ತಂತಿ ತಂದು ಎನ್‌ವಿಆರ್ ಹಿಂದಿನ ಅಲಾರಂ ಇನ್‌ಪುಟ್ಟಿಗೆ ಕೊಡಿ. ಎನ್‌ವಿಆರ್‌ನಲ್ಲಿ, ಈ ಇನ್‌ಪುಟ್ ಬಂದರೆ ಉಗ್ರಾಣದ ಕ್ಯಾಮೆರಾವನ್ನು ಪೂರ್ಣ ಗುಣಮಟ್ಟದಲ್ಲಿ ರೆಕಾರ್ಡ್ ಮಾಡು, ಹಿಂದಿನ 10 ಸೆಕೆಂಡೂ ಸೇರಿಸು, ಚಿತ್ರ ಕಳಿಸು ಅಂತ ಹೊಂದಿಸಿ. ಆಗ ನಿಜವಾದ ಅಲಾರಮ್ಮೋ ಬೆಕ್ಕೋ ಅಂತ ಹಾಸಿಗೆಯಲ್ಲೇ ಗೊತ್ತಾಗುತ್ತದೆ.

ಹೊರಗಿನಿಂದ ನೋಡುವಾಗ

2016ರಲ್ಲಿ ಮಿರಾಯ್ ಅನ್ನುವ ಬಾಟ್‌ನೆಟ್ (ಬೇರೆಯವರ ಸಾಧನಗಳೊಳಗೆ ನುಗ್ಗಿ ಕಟ್ಟಿದ ದಾಳಿಯ ಜಾಲ) ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ಗಳನ್ನು ವಶ ಮಾಡಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅವುಗಳಿಂದಲೇ, ವೆಬ್‌ಸೈಟುಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿಯಾಗಿ ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳೇ ತೆರೆಯಲಿಲ್ಲ. ಅದು ಒಳನುಗ್ಗಿದ್ದು ಕಂಪನಿ ಇಟ್ಟಿದ್ದ ಪಾಸ್‌ವರ್ಡನ್ನು ಯಾರೂ ಬದಲಾಯಿಸದೆ ಬಿಟ್ಟಿದ್ದರಿಂದ. ನಿಮ್ಮ ಇನ್‌ಸ್ಟಾಲರ್ ಊರಿಗೆಲ್ಲ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆ ಅದೂ ಅಷ್ಟೇ ಅಪಾಯ. ಅವರು ಹೋದ ದಿನವೇ ಬದಲಾಯಿಸಿ, ಅವರ ಮೊಬೈಲಿನಿಂದ ನಿಮ್ಮ ಸಾಧನವನ್ನು ತೆಗೆಸಿ.

ರೌಟರಿನಲ್ಲಿ ಯುಪಿಎನ್‌ಪಿ ಆಫ್ ಮಾಡಿ, ಅದು ಹೊರಗಿನವರಿಗೆ ತಾನಾಗಿಯೇ ಬಾಗಿಲು ತೆರೆದುಬಿಡುತ್ತದೆ. ಅದೇ ಬಾಗಿಲನ್ನು ಕೈಯಾರೆ ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಡಿ. ಮಾಡಿದರೂ ಎಷ್ಟೋ ಸಂಪರ್ಕಗಳಲ್ಲಿ ನಡೆಯುವುದಿಲ್ಲ, ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಹೊರವಿಳಾಸ ಹಂಚಿರುತ್ತವೆ. ಸಾಮಾನ್ಯ ಬಳಕೆಗೆ ಕಂಪನಿಯ ಆ್ಯಪ್, ಎರಡು ಹಂತದ ಲಾಗಿನ್ ಹಾಕಿ. ಕಂಪ್ಯೂಟರ್ ಗೊತ್ತಿದ್ದವರು ಮನೆಯ ನೆಟ್‌ವರ್ಕಿಗೆ ಖಾಸಗಿ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್ ಹಾಕಿಕೊಂಡು, ಕ್ಯಾಮೆರಾಗಳಿಗೆ ಇಂಟರ್ನೆಟ್ಟನ್ನೇ ಬಂದ್ ಮಾಡಿಬಿಡಿ. ನೆರೆಮನೆಯ ಬಚ್ಚಲ ಕಡೆಗೋ ಬಾಗಿಲಿಗೋ ನೋಟ ಹೋಗುತ್ತಿದ್ದರೆ ಪ್ರೈವೆಸಿ ಮಾಸ್ಕ್ ಎಳೆದು ಆ ಭಾಗ ಕಪ್ಪು ಮಾಡಿ. ರಾತ್ರಿ ಓಡಿಬರಬೇಕಾದವರು ಅವರೇ.

ಟೆಸ್ಟ್, ಮತ್ತು ಘಟನೆ ಆದರೆ

ಕೆಲಸ ಮುಗಿದ ದಿನ ಇನ್‌ಸ್ಟಾಲರ್ ಇರುವಾಗಲೇ ಇಷ್ಟು ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ, 301 ಬರಬೇಕು. ಪ್ಯಾನೆಲ್ ಬ್ಯಾಟರಿಯಲ್ಲೇ ನಡೆಯಬೇಕು. ಫೈಬರ್ ಪೆಟ್ಟಿಗೆಯನ್ನು ಆಫ್ ಮಾಡಿ ಉಗ್ರಾಣದ ಬಾಗಿಲು ತೆಗೆಯಿರಿ, ಸಿಮ್ಮಿನಿಂದ ಕರೆ ಬರಬೇಕು. ಎಷ್ಟು ಸೆಕೆಂಡಿಗೆ ಬಂತು ಅಂತ ಗಡಿಯಾರ ನೋಡಿ. ಸಿಮ್ಮನ್ನೂ ತೆಗೆಯಿರಿ, ಆಫ್‌ಲೈನ್ ಸೂಚನೆ ಬರುವವರೆಗೆ ಕಾಯಿರಿ. ಸೈರನ್ ಮುಚ್ಚಳ ಬಿಚ್ಚಿ, ಕೂಗಬೇಕು. ಇದರಲ್ಲಿ ಯಾವುದು ಆಗದಿದ್ದರೂ ಕೊನೆಯ ಕಂತು ಕೊಡಬೇಡಿ. ಆಮೇಲೆ ತಿಂಗಳಿಗೊಮ್ಮೆ ನೀವೇ ಮಾಡಿ, ನೆರೆಯವರಿಗೆ ಹೇಳಿ ಮಾಡಿ. ದೊಡ್ಡ ಗುಡುಗಿನ ಮಾರನೇ ದಿನ ತಪ್ಪದೆ ಒಂದು ಸಲ.

ಎನ್‌ವಿಆರ್‌ನ ಸಮಯ ಇಂಟರ್ನೆಟ್ಟಿನಿಂದ ತಾನಾಗಿ ಹೊಂದಿಕೊಳ್ಳುವಂತೆ ಎನ್‌ಟಿಪಿ ಆನ್ ಇರಲಿ. ಕೋರ್ಟಿನಲ್ಲಿ ಮೊದಲ ಪ್ರಶ್ನೆ ಬರುವುದೇ ಸಮಯದ ಮೇಲೆ. ಏನಾದರೂ ನಡೆದೇಹೋದರೆ ಮೊಬೈಲಿನಲ್ಲಿ ಟಿವಿ ಪರದೆಯ ವಿಡಿಯೊ ಹಿಡಿದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಅಷ್ಟಕ್ಕೇ ಬಿಡಬೇಡಿ. ಡಿಸ್ಕ್ ತುಂಬಿ ಹಳೆಯದು ಅಳಿಸಿಹೋಗುವ ಮುಂಚೆ ಘಟನೆಯ ಹಿಂದಿನ ಮುಂದಿನ ಒಂದೊಂದು ಗಂಟೆ ಸೇರಿಸಿ ಮೂಲ ಫೈಲನ್ನು ಪೆನ್‌ಡ್ರೈವಿಗೆ ತೆಗೆಯಿರಿ, ಎರಡು ಪ್ರತಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಇಂಥ ವಿಡಿಯೊ ಜೊತೆ ಪ್ರಮಾಣಪತ್ರ ಬೇಕು. ಎ ಭಾಗಕ್ಕೆ ಸಾಧನ ನೋಡಿಕೊಳ್ಳುವವರು, ಅಂದರೆ ನೀವು, ಸಹಿ ಹಾಕಬೇಕು. ಬಿ ಭಾಗ ತಜ್ಞರದು. ಫೈಲಿನ ಹ್ಯಾಷ್ ಸಂಖ್ಯೆಯನ್ನೂ (ಫೈಲ್ ಸ್ವಲ್ಪ ತಿದ್ದಿದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಅದರಲ್ಲಿ ಬರೆಯಬೇಕು, ಎಸ್‌ಎಚ್‌ಎ-256 ಹ್ಯಾಷ್ ತೆಗೆಯುವ ಕಮಾಂಡ್ ವಿಂಡೋಸ್‌ನಲ್ಲೇ ಇದೆ. ಠಾಣೆಗೆ ಹೋಗುವಾಗ ಎನ್‌ವಿಆರ್‌ನ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆದುಕೊಂಡು ಹೋಗಿ, ಆ ಪ್ರಮಾಣಪತ್ರದಲ್ಲಿ ಅದಕ್ಕೂ ಒಂದು ಜಾಗ ಇದೆ.